ತಲೆಯಿಲ್ಲದ ದಂತದ ಗೊಂಬೆ

ಸೇಂಟ್ ಲಾರೆನ್ಸ್ ದ್ವೀಪ
ಅಕ್ಟೋಬರ್ 19, 1986

ನನ್ನ ಬಂಗಾರ ಎಸ್ಟೆಲ್‌ಗೆ ಅಮ್ಮನ ಮುತ್ತುಗಳು.

ಮೊದಲು ಕಾಲು ಚಾಚಿ ಮಲಗಿಕೋ, ಆಮೇಲೆ ಓದು. ಹೆರಿಗೆಯಾಗುವವರೆಗೆ ಮಂಚ ಬಿಟ್ಟು ಇಳಿಯಬೇಡ ಎಂದು ಆಂಕರೇಜಿನ ಡಾಕ್ಟರು ಹೇಳಿದ್ದಾರಂತೆ. ರಕ್ತದೊತ್ತಡ ಏರಿದ ಬಸುರಿ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಇಲ್ಲಿಯ ನರ್ಸಮ್ಮನೂ ನನಗೆ ಒತ್ತಿ ಒತ್ತಿ ಹೇಳಿದಳು. ಐದು ಹೆತ್ತವಳಿಗೆ ಪಾಠ ಹೇಳುತ್ತಾಳೆ, ಇನ್ನೂ ಮದುವೆಯಾಗದ ಹುಡುಗಿ. ಆದರೂ ಅವಳು ಹೇಳಿದ್ದರಲ್ಲಿ ತಪ್ಪಿಲ್ಲ.

ನೀನು ಅಂಗಡಿಯ ಫೋನಿಗೆ ಮತ್ತೆ ಮತ್ತೆ ಮಾಡಿ, ಅಪ್ಪನನ್ನು ಕರೆಯಿರಿ ಎಂದೆಯಂತೆ. ಅವರು ಬರುವ ಹಾಗಿರಲಿಲ್ಲ. ನಾನೂ ಬರಲಿಲ್ಲ. ಆ ಫೋನಿನ ಸುತ್ತ ಊರಿಗೆ ಊರೇ ಕಿವಿ ಚಾಚಿಕೊಂಡು ನಿಂತಿರುತ್ತದೆ. "ಮಗಳು ಕೇಳಿದ್ರೆ ಅಮ್ಮ ಕಾಗದ ಬರೀತಾಳೆ ಅನ್ನಿ. ಅದರ ಮೇಲೆ ಒಂದು ಮಾತು ಆಡಿದ್ರೋ, ನಾನು ಸುಮ್ನಿರೋಳಲ್ಲ" ಎಂದು ಅಂಗಡಿಯವರಿಗೆ ಕಟ್ಟುನಿಟ್ಟಾಗಿ ಹೇಳಿ ಬಂದಿದ್ದೇನೆ. ನಾನು ಸುಳ್ಳು ಹೇಳುವವಳಲ್ಲ, ಅದು ನಿನಗೆ ಗೊತ್ತು. ಇದರಲ್ಲಿ ಬರೆಯುವುದೆಲ್ಲ ನಿಜ.

ನಿನ್ನ ಪ್ರೆಸ್ಕಾಟ್ ಸಾಹೇಬರ ವಿಷಯ ಮೊದಲು ಮುಗಿಸುತ್ತೇನೆ. ಬೇಸಿಗೆಯಲ್ಲಿ ಅಪ್ಪ ಹಳೆಯ ಮನೆಗಳು ಹೂತುಹೋದ ದಿಬ್ಬದಿಂದ ಅಗೆದು ತೆಗೆದ ಗೊಂಬೆಯನ್ನು ನಿನ್ನ ಕೈಯಲ್ಲೇ ಅವರಿಗೆ ಮಾರಿಸಿದ್ದೆವಲ್ಲ. ವಾಲ್ರಸ್ಸಿನ ಕೋರೆಯಲ್ಲಿ ಕೆತ್ತಿದ ಹೆಂಗಸು. ನಮ್ಮ ಹಿರೀಕರ ಹಿರೀಕರ ಕಾಲದಿಂದ ಮಣ್ಣಲ್ಲಿದ್ದು ಕಡುಚಹಾದ ಬಣ್ಣಕ್ಕೆ ತಿರುಗಿದ್ದಳು, ಕುತ್ತಿಗೆಯ ಮೇಲೆ ಏನೂ ಇರಲಿಲ್ಲ. ನಮ್ಮ ದೋಣಿಗೆ ಹೊಸ ಮೋಟಾರು ಬಂದದ್ದು ಅವಳಿಂದ. ಆ ಮೋಟಾರಿನಲ್ಲಿ ಹಿಡಿದು ತಂದದ್ದನ್ನು ನಾನೂ ಉಂಡಿದ್ದೇನೆ, ಅಲ್ಲಗಳೆಯುವುದಿಲ್ಲ.

ಆದರೆ ಸಾಹೇಬರಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಅವರ ಗಾಜಿನ ಕಪಾಟಿನಲ್ಲಿ ಇಂಥ ಮೈಗಳ ಸಾಲೇ ಇದೆಯಂತೆ, ತಲೆಗಳ ಸಾಲೂ ಇದೆಯಂತೆ, ಜೋಡಿ ಕೂಡುವುದು ಮಾತ್ರ ಒಂದೂ ಇಲ್ಲವಂತೆ. ಈ ಗೊಂಬೆಯ ತಲೆ ಬೇಕೇ ಬೇಕು ಎಂದರಂತೆ. ನೀನು ಕೇಳಿದ್ದನ್ನು ಕೇಳಿದ ಹಾಗೆ ಬರೆದೆ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಇದನ್ನು ಇನ್ನೊಂದು ಸಲ ಓದು ಎಸ್ಟೆಲ್, ನಿನ್ನ ತಪ್ಪೇನೂ ಇಲ್ಲ.

ನನ್ನ ಅಜ್ಜಿ ಹೇಳುತ್ತಿದ್ದುದನ್ನು ನಾನು ಅಪ್ಪನಿಗೆ ನೆನಪಿಸಿದೆ. ಗೊಂಬೆಯ ತಲೆ ತಾನಾಗಿ ಮುರಿದದ್ದಲ್ಲ, ಮುರಿದು ಇಟ್ಟದ್ದು. ಒಂದು ಮನೆಯವರೆಲ್ಲ ಸತ್ತು ಹೋದಾಗ ಕೊನೆಗೆ ಉಳಿದವಳು ಹಾಗೆ ಮಾಡಿ ಎರಡನ್ನೂ ಬೇರೆ ಬೇರೆ ಮೂಲೆಯಲ್ಲಿ ಹೂಳುತ್ತಿದ್ದಳು. ಇಲ್ಲದಿದ್ದರೆ ಗೊಂಬೆ ಖಾಲಿ ಮನೆಗೆ ಜನ ಬೇಕು ಎಂದು ಕರೆಯುತ್ತದೆ. ಅಪ್ಪ ಗಹಗಹಿಸಿ ನಕ್ಕರು. "ಕರೀಬೇಕಾದ್ರೆ ಬಾಯಿ ಬೇಕಲ್ವೇನೇ? ಬಾಯಿ ಇನ್ನೂ ಮಣ್ಣಲ್ಲೇ ಇದೆ" ಎಂದರು. ನನಗೂ ನಗು ಬಂತು.

ನನಗೆ ಹೆಚ್ಚು ಕೊರೆಯುತ್ತಿದ್ದದ್ದು ಇನ್ನೊಂದು. ದಿಬ್ಬದಿಂದ ಏನು ತೆಗೆದರೂ ಆ ಜಾಗದಲ್ಲಿ ಏನಾದರೂ ಇಟ್ಟು ಬರಬೇಕಲ್ಲ. ಒಂದು ಚಿಟಿಕೆ ಚಹಾ, ಹೊಗೆಸೊಪ್ಪು, ರೊಟ್ಟಿಯ ಚೂರು, ಏನಾದರೂ ಸರಿ. ಗೊಂಬೆ ಸಿಕ್ಕ ದಿನ ಅಪ್ಪನ ಜೇಬು ಖಾಲಿಯಿತ್ತು, ಟಪಾಲಿನ ವಿಮಾನ ಬೇರೆ ಇಳಿಯುತ್ತಿತ್ತು. "ನಾಳೆ ಇಟ್ರಾಯ್ತು" ಎಂದು ಓಡಿ ಬಂದರು. ಆ ನಾಳೆ ಬರಲೇ ಇಲ್ಲ. ನಾನು ಚಹಾದ ಪೊಟ್ಟಣವನ್ನು ಅವರ ಜೇಬಿಗೆ ತುರುಕಿ ಕಳಿಸಿದೆ. ಅದನ್ನು ಅಲ್ಲೇ ಕುದಿಸಿ ಕುಡಿದು ಬಂದರು ಪುಣ್ಯಾತ್ಮ.

ಬೇಸಿಗೆಯ ಅಗೆತ ನಿನಗೆ ಗೊತ್ತೇ ಇದೆ. ಬಿಸಿಲಿಗೆ ಕರಗಿದಷ್ಟು ಕೆರೆಯಬೇಕು, ಉಳಿದದ್ದಕ್ಕೆ ನಾಳೆಯ ಬಿಸಿಲು ಕಾಯಬೇಕು. ಸೆಪ್ಟೆಂಬರಿನಲ್ಲಿ ನೆಲ ಕಲ್ಲಾದಾಗ ಊರವರೆಲ್ಲ ಸಲಿಕೆ ಒಳಗಿಟ್ಟರು. ಅಪ್ಪ ಇಡಲಿಲ್ಲ. ತಿಮಿಂಗಿಲದ ದವಡೆಯೆಲುಬಿನ ತೊಲೆಗಳ ಅಡಿಯಲ್ಲಿ, ಆ ಹಳೆಯ ಮನೆಯ ಒಳಕ್ಕೆ, ಅಡ್ಡಡ್ಡ ಬಿಲ ಕೊರೆದುಕೊಂಡು ಹೋಗಿದ್ದರು. ಕೊನೆಗೆ ಗೋಡೆ ಕರಗಿಸಲು ನಮ್ಮ ಸೀಮೆಎಣ್ಣೆ ಸ್ಟವ್ವನ್ನೇ ಒಳಗೆ ಒಯ್ದರು. ನಿನ್ನ ವಿನ್‌ಫ್ರೆಡ್ ಚಿಕ್ಕಪ್ಪ ಬಿಲದ ಬಾಯಲ್ಲಿ ನಿಂತು ಬಯ್ದನಂತೆ. "ಅಣ್ಣಾ, ಈ ಮನೆ ನಿಂತಿರೋದು ಮೂಳೆ ಮೇಲಲ್ಲ, ಹೆಪ್ಪುಗಟ್ಟಿದ ಮಣ್ಣಿನ ಮೇಲೆ. ನೀನು ಕಂಬಕ್ಕೇ ಬೆಂಕಿ ಇಡ್ತಿದ್ದೀಯಲ್ಲೋ!" ಅದಕ್ಕೆ ಅಪ್ಪ, "ಮೊಮ್ಮಗು ನೋಡೋಕೆ ಹೋಗ್ಬೇಕು ಕಣೋ, ಬರಿಗೈಲಿ ಹೋಗ್ಲಾ? ನೀನು ಬಕೆಟ್ ಎಳಿ, ಬಾಯಿ ಮುಚ್ಚು" ಎಂದರಂತೆ. ಹಟ ಹಿಡಿದರೆ ದೇವರು ಬಂದು ಹೇಳಿದರೂ ಕೇಳುವ ಜಾತಿಯಲ್ಲ ಅದು. ನೀನೂ ಹಾಗೇ.

ಮಗುವಿಗೆ ಏನು ಹೆಸರಿಡಲಿ ಎಂದು ನೀನು ಕೇಳಿದ್ದೆ. ಹೋದವರ ಹೆಸರನ್ನೇ ಬರುವವರಿಗೆ ಕೊಡುವುದು, ಬದುಕಿರುವವರ ಹೆಸರನ್ನು ಅಪ್ಪಿತಪ್ಪಿಯೂ ಕೊಡುವುದಿಲ್ಲ, ಇಷ್ಟು ಆಂಕರೇಜಿನಲ್ಲಿದ್ದರೂ ನೀನು ಮರೆತಿರಲಾರೆ. ಹೆಸರು ಬಂತೆಂದರೆ ಆ ಮನುಷ್ಯನೇ ತಿರುಗಿ ಬಂದ ಹಾಗೆ. ಶಾಲೆಯಲ್ಲಿ ಕ್ಲೆಮೆಂಟ್ ಎಂದು ಬರೆಸಿಕೊಂಡರೂ ನಿನ್ನ ಅಪ್ಪ ತಮ್ಮ ಮುತ್ತಜ್ಜನ ಹೆಸರು ಹೊತ್ತು ಬಂದ ಅಕುಲ್ಕಿಯೇ. ಮೂರು ವರ್ಷದ ಪೋರನನ್ನು ಊರ ಮುದುಕಿಯರೆಲ್ಲ "ಬಾ ತಾತಾ" ಎಂದು ಕೂರಿಸಿಕೊಂಡು ತಿಮಿಂಗಿಲದ ತೊಗಲಿನ ಮೆತ್ತನೆ ತುಂಡನ್ನೇ ಬಾಯಿಗಿಡುತ್ತಿದ್ದರಂತೆ. ಆ ಕೊಬ್ಬು ಇನ್ನೂ ಇಳಿದಿಲ್ಲ ಎಂದು ನಾನು ಅಣಕಿಸುತ್ತಿದ್ದೆ. ನಿನ್ನ ಮಗುವಿಗೆ ತೀರಿಹೋದ ನಿನ್ನ ಸೋದರತ್ತೆಯ ಹೆಸರು ಎಂದುಕೊಂಡಿದ್ದೆ. ಇನ್ನೊಮ್ಮೆ ಯೋಚಿಸಿ ಕಾಗದದ ಕೊನೆಗೆ ಬರೆಯುತ್ತೇನೆ.

ಮಂಗಳವಾರ ಬೆಳಿಗ್ಗೆ ಅಪ್ಪ ಸಕ್ಕರೆ ಸುರಿದುಕೊಂಡು ಚಹಾ ಕುಡಿದು ಹೊರಟರು. ಮಧ್ಯಾಹ್ನದ ಹೊತ್ತಿಗೆ ಬಿಲದೊಳಗಿಂದ ಅವರು ಕೂಗಿದ್ದು ವಿನ್‌ಫ್ರೆಡ್‌ಗೆ ಕೇಳಿಸಿತಂತೆ. "ಸಿಕ್ಳು ಕಣೋ! ನಗ್ತಾ ಇದಾಳೆ!" ಆಮೇಲೆ ಮಣ್ಣು ಕುಸಿಯಿತು. ಊರೆಲ್ಲ ಸಲಿಕೆ ಹಿಡಿದು ಓಡಿತು. ಕತ್ತಲಾಗುವುದರೊಳಗೆ ಅವರನ್ನು ಹೊರತೆಗೆದು ಮನೆಗೆ ತಂದು ಮಲಗಿಸಿದರು.

ಹೆದರಬೇಡ. ಒಂದು ಎಲುಬೂ ಮುರಿದಿಲ್ಲ, ಮುಖಕ್ಕೆ ತರಚುಗಾಯವೂ ಇಲ್ಲ. ನರ್ಸಮ್ಮ ಬಹಳ ಹೊತ್ತು ನೋಡಿದಳು, ಔಷಧವೇನೂ ಬೇಕಾಗಿಲ್ಲ ಎಂದಳು. ಆ ಹಾಳು ಕೆಮ್ಮು ಕೂಡ ನಿಂತಿದೆ. ಮನೆ ತುಂಬ ಜನ, ಒಬ್ಬರಾದ ಮೇಲೆ ಒಬ್ಬರು ಸಾರು, ಒಣಮಾಂಸ, ರೊಟ್ಟಿ ತಂದಿಡುತ್ತಾರೆ, ಒಲೆ ಹಚ್ಚುವ ಕೆಲಸವೇ ನನಗಿಲ್ಲ. ವಿನ್‌ಫ್ರೆಡ್ ಬಾಗಿಲ ಬಳಿಯಿಂದ ಏಳುತ್ತಿಲ್ಲ. ನಾನು ಅಪ್ಪನಿಗೆ ಸೀಲ್ ತೊಗಲಿನ ಹೊಸ ಬೂಟು ಹೊಲಿದೆ. ಹಳೆಯದರಲ್ಲೇ ಕಳಿಸಲು ಮನಸ್ಸಾಗಲಿಲ್ಲ.

ಗೊಂಬೆಯ ತಲೆ ಅಪ್ಪನ ಬಲಮುಷ್ಟಿಯಲ್ಲಿದೆ. ವಿನ್‌ಫ್ರೆಡ್ ಬಿಡಿಸಲು ನೋಡಿದ, ಆಗಲಿಲ್ಲ. ಇರಲಿ ಬಿಡು ಎಂದೆ. ಬೆರಳ ಸಂದಿಯಿಂದ ಒಂದು ಕಣ್ಣು, ಬಾಯಿಯ ಒಂದು ತುದಿ ಕಾಣುತ್ತದೆ. ಅಪ್ಪ ಹೇಳಿದ್ದು ನಿಜ, ಅವಳು ನಗುತ್ತಿದ್ದಾಳೆ. ನನ್ನನ್ನು ನೋಡಿ ನಕ್ಕಂತಾಗಿ ಕೈಯ ಮೇಲೆ ನನ್ನ ಶಾಲು ಹೊದಿಸಿದ್ದೇನೆ. ಸಾಹೇಬರಿಗೆ ಹೇಳು, ತಲೆ ಇದೆ, ಅದನ್ನು ಹಿಡಿದವರು ಯಾರಿಗೂ ಕೊಡುವುದಿಲ್ಲ. ಅವರ ಕಪಾಟಿನಲ್ಲಿ ಗೊಂಬೆಯ ಮೈ ಕುತ್ತಿಗೆಯಿಂದ ಕೆಳಗೆ ಸೀಳಿದೆ ಎಂದು ಬರೆದಿದ್ದೀಯ. ಒದ್ದೆಬಟ್ಟೆ ಸುತ್ತಿ ನಿಧಾನ ಒಣಗಿಸದೆ ಹೀಟರಿನ ಪಕ್ಕ ಇಟ್ಟರೆ ದಂತ ಸೀಳದೆ ಏನಾಗುತ್ತದೆ ಎಂದು ನೀನು ಹೇಳಬಹುದು. ಹಾಗೇ ಇರಲಿ. ಯಾವ ದಿನ ಸೀಳಿತು ಎಂದು ಮಾತ್ರ ನನಗೆ ಬರೆಯಬೇಡ.

ದಿಬ್ಬವನ್ನು ಮುಚ್ಚಲು ಊರವರಿಗೆ ಹೇಳಿದ್ದೇನೆ. ಇನ್ನು ಅಲ್ಲಿ ಏನೂ ಇಡಬೇಕಾಗಿಲ್ಲ. ನೀನು ಅಳಬೇಡ, ಉಪ್ಪು ಕಡಿಮೆ ತಿನ್ನು, ಎಡಮಗ್ಗುಲಿಗೆ ಮಲಗು. ಹವೆ ತಿಳಿಯಾದ ಕೂಡಲೇ ನಾನು ಬರುತ್ತೇನೆ, ನಾನೊಬ್ಬಳೇ.

ನಿನ್ನನ್ನು ಎದೆಗೊತ್ತಿಕೊಂಡಿರುವ
ಅಮ್ಮ,
ಬ್ಯೂಲಾ

ಮ.ಸೂ.: ಹೆಸರು ಯೋಚಿಸಿದೆ. ಹೆಣ್ಣಾದರೂ ಸರಿ, ಗಂಡಾದರೂ ಸರಿ, ಅಕುಲ್ಕಿ ಎಂದು ಇಡು. ಹುಟ್ಟಿದ ತಕ್ಷಣ ಕಿವಿಯ ಹತ್ತಿರ ಆ ಹೆಸರು ಹಿಡಿದು ಕರೆ, ಆ ಗೊಂಬೆ ಕರೆಯುವುದಕ್ಕಿಂತ ಗಟ್ಟಿಯಾಗಿ ಕರೆ. ಆಮೇಲೆ ಚೆನ್ನಾಗಿ ಬೆಚ್ಚಗೆ ಸುತ್ತು. ಅವರ ಮೈ ಬಹಳ ತಣ್ಣಗಿದೆ.