ಐದನೆಯ ಚೀಟಿ ನನ್ನದು

ಡುಲೂತ್, ಮಿನ್ನೆಸೋಟ
೪ ಡಿಸೆಂಬರ್ ೧೯೬೯

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಸರೋವರದ ಮೇಲೆ ಗಾಳಿ ಜೋರಂತೆ. ಮೊಣಕಾಲಿಗೆ ಉಣ್ಣೆಪಟ್ಟಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಎಂದು ಅಮ್ಮ ದಿನವೂ ನನ್ನನ್ನೇ ಕೇಳುತ್ತಾಳೆ, ನಾನೇನೋ ನಿನ್ನ ಜೊತೆ ಹಡಗಿನಲ್ಲಿದ್ದವನ ಹಾಗೆ! ಅವಳು ಚೆನ್ನಾಗಿದ್ದಾಳೆ. ಡೆಟ್ರಾಯಿಟ್‌ನಲ್ಲಿ ಅಂಚೆಯ ದೋಣಿ ಈ ಕಾಗದವನ್ನು ನಿನಗೆ ಮುಟ್ಟಿಸುವ ಮೊದಲೇ ಸುದ್ದಿ ತಿಳಿದಿರಬಹುದು. ಆದರೂ ನನ್ನಿಂದಲೇ ಕೇಳು.

ಸೋಮವಾರ ಸಂಜೆ ಗ್ಲೆನ್‌ನ ಮನೆಯಲ್ಲಿ ನಾವು ಗೆಳೆಯರೆಲ್ಲ ಸೈನ್ಯಭರ್ತಿಯ ಚೀಟಿ ಎತ್ತುವುದನ್ನು ನೋಡಲು ಟಿವಿ ಮುಂದೆ ಕೂತಿದ್ದೆವು. ಯಾರ ಹುಟ್ಟಿದ ತಾರೀಕಿನ ಚೀಟಿ ಮೊದಲು ಬರುತ್ತದೋ ಅವರಿಗೆ ಸೈನ್ಯದ ಕರೆಯೂ ಮೊದಲು, ವಿಯೆಟ್ನಾಂ ಕೂಡ ಮೊದಲು. “ಲೋ ಆರ್ನೆ, ನೀನು ಹುಟ್ಟಿದಾಗಿಂದ ಒಂದು ಲಾಟರೀನೂ ಗೆದ್ದಿಲ್ಲ, ಹೆದರ್ಬೇಡ ಬಿಡೋ” ಎಂದು ಗ್ಲೆನ್ ಛೇಡಿಸುತ್ತಿದ್ದ. ಅವನಮ್ಮ ತಂದ ತಿಂಡಿಯ ತಟ್ಟೆ ನನ್ನವರೆಗೆ ಬರುವುದರೊಳಗೆ ಐದನೆಯ ಚೀಟಿ ಬಿಚ್ಚಿದರು. ಅಕ್ಟೋಬರ್ ಹದಿನೆಂಟು. ಯಾರೂ ನನ್ನ ಮುಖ ನೋಡಲಿಲ್ಲ. ಗ್ಲೆನ್‌ನ ತಾರೀಕು ಮುನ್ನೂರು ದಾಟಿದ ಮೇಲೆ ಬಂತು. ಉಳಿದುಕೊಂಡವನು ಅವನು, ಅಡುಗೆಮನೆಗೆ ಹೋಗಿ ಬಿಕ್ಕಿಬಿಕ್ಕಿ ಅತ್ತವನೂ ಅವನೇ. ಸಮಾಧಾನ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಮರುದಿನ ಬೆಳಿಗ್ಗೆ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. “ಕೆನಡಾ ಎಷ್ಟು ದೂರ ಮಹಾ? ಹತ್ತೋ.” ಹತ್ತಿದೆ ಅಪ್ಪಾ, ಸುಳ್ಳು ಹೇಳುವುದಿಲ್ಲ. ಗಡಿಗೆ ಇನ್ನೊಂದು ಗಂಟೆಯ ದಾರಿ ಇರುವಾಗ ಕಾಫಿಗೆ ಇಳಿದೆವು. ನಾನು ದಾಟಿಹೋದರೆ ನನ್ನ ಬದಲು ಇನ್ನೊಬ್ಬ ಹೋಗುತ್ತಾನೆ, ಅವನಿಗೆ ಗುಂಡು ಬಿದ್ದರೆ ಎತ್ತಿಕೊಂಡು ಬರಲು ಯಾರಾದರೂ ಬೇಕಲ್ಲ ಅನ್ನಿಸಿತು. ಆ ಯಾರಾದರೂ ನಾನೇ ಯಾಕಾಗಬಾರದು? “ಗಾಡಿ ತಿರುಗಿಸೋ” ಎಂದೆ. “ತಲೆ ಕೆಟ್ಟಿದೆಯೇನೋ ನಿಂಗೆ?” ಎಂದು ದಾರಿಯುದ್ದಕ್ಕೂ ಬೈದ. ಮನೆ ಹತ್ತಿರ ಬಂದಾಗ ಮಾತ್ರ ಮೆಲ್ಲಗೆ, “ನಾನಾಗಿದ್ರೆ ವಾಪಸ್ ಬರ್ತಿರ್ಲಿಲ್ಲ ಕಣೋ” ಎಂದ.

ನಿನ್ನೆ ಸೈನ್ಯಭರ್ತಿ ಕಚೇರಿಗೆ ಹೋಗಿ, ಕರೆದರೆ ಬರುತ್ತೇನೆ, ಬಂದೂಕು ಮಾತ್ರ ಹಿಡಿಯುವುದಿಲ್ಲ, ಗಾಯಾಳುಗಳ ಸೇವೆಗೆ ಹಾಕಿ ಎಂದು ಕೇಳಿಕೊಂಡೆ. ಅಲ್ಲಿದ್ದ ವಯಸ್ಸಾದ ಹೆಂಗಸು ಕನ್ನಡಕದ ಮೇಲಿಂದ ನೋಡಿ, “ಬಂದೂಕಿಲ್ದೋನಿಗೆ ಗುಂಡು ಹೊಡೆಯೋದಿಲ್ಲ ಅನ್ಕೊಂಡಿದ್ದೀಯೇನಪ್ಪಾ?” ಎಂದರು. “ಹೊಡೀತಾರೆ ಅಂತ ಗೊತ್ತು ಮೇಡಂ” ಎಂದೆ. ಆಮೇಲೆ ಅವರ ದನಿ ಬದಲಾಯಿತು. ಕುರ್ಚಿ ತೋರಿಸಿ ಕೂರಿಸಿಕೊಂಡು ಎಲ್ಲ ವಿವರಿಸಿದರು.

ವಿಷಯ ಕೇಳಿ ಅಮ್ಮ ಏಲಕ್ಕಿ ಬ್ರೆಡ್ ನಾದಿದಳು, ಬೇಯಿಸಿದಳು, ಕೊನೆಗೆ “ಮೊದ್ಲು ತಿನ್ನು” ಎಂದಳು. ಇವತ್ತು ಹಾಡು ಗುನುಗುತ್ತಿದ್ದಾಳೆ. ನರ್ಸಿಂಗ್ ಓದುವ ಮಾರ್ಲಿಸ್ ನನಗೆ ಪಟ್ಟಿ ಕಟ್ಟುವುದನ್ನು ಕಲಿಸುತ್ತಿದ್ದಾಳೆ. ನನ್ನ ಗಂಟಿನಿಂದ ಹಸುವನ್ನೇ ಕಟ್ಟಿಹಾಕಬಹುದಂತೆ! ಎರಡು ವರ್ಷ ಕಾಯುತ್ತೀಯಾ ಎಂದು ಕೇಳಿದೆ. “ಮೊದ್ಲು ಗಂಟು ಸರಿಯಾಗಿ ಹಾಕು” ಎಂದಳು. ಇಲ್ಲ ಅನ್ನಲಿಲ್ಲ, ನೋಡು.

ಹಡಗಿನ ಗೆಳೆಯರಿಗೆಲ್ಲ ನನ್ನ ನೆನಪು ಹೇಳು. ಮೈ ಬೆಚ್ಚಗಿಟ್ಟುಕೋ.

ನಿನ್ನ ಮಗ,
ಆರ್ನೆ

ಮರೆತಿದ್ದೆ: ನನ್ನ ಅರ್ಜಿಯ ವಿಚಾರಣೆ ಜನವರಿ ಕೊನೆಗೆ, ಅಷ್ಟರಲ್ಲಿ ನಿನ್ನ ಹಡಗು ದಡ ಸೇರಿರುತ್ತದೆ. ಬಂದೂಕು ಬೇಡ ಅನ್ನುವುದನ್ನು ಯಾರಿಂದ ಕಲಿತೆ ಎಂದು ಕಚೇರಿಯ ಆ ಹೆಂಗಸು ಕೇಳಿದಾಗ ನಿನ್ನ ಹೆಸರು ಹೇಳಿಬಿಟ್ಟೆ. ಇಟಲಿಯ ಯುದ್ಧದಿಂದ ಬಂದ ಮೇಲೆ ನೀನು ಊರವರ ಜೊತೆ ಒಂದು ಜಿಂಕೆ ಬೇಟೆಗೂ ಹೋಗಿಲ್ಲವಲ್ಲ, ಅದನ್ನು ಹೇಳಿದೆ. ಯಾಕೆಂದು ನಾನು ಇದುವರೆಗೆ ಕೇಳಿಲ್ಲ, ವಿಚಾರಣೆಯಲ್ಲಿಯೂ ನೀನು ಹೇಳಬೇಕಾಗಿಲ್ಲ. ಬಂದು ನನ್ನ ಪಕ್ಕದಲ್ಲಿ ಕೂತರೆ ಸಾಕು ಅಪ್ಪಾ.