ಆಕ್ಷೇಪಣೆ ಇದ್ದವರು ಬರೆದು ತಿಳಿಸಿ

ಮಾರ್ಚ್ 3, ಸಂಜೆ

ಇವತ್ತೂ ಅದೇ. ಆಫೀಸಿನಿಂದ ಬಂದು, ಅನ್ನ-ಕಿಮ್ಚಿ ಉಂಡು, ಮತ್ತೆ ಸಾಫ್ಟ್‌ವೇರಿಗೆ ತೇಪೆ ಹಾಕುವ ಕೆಲಸ. ಕಂಪ್ಯೂಟರ್ ನಡೆಸುವ ನಮ್ಮ ಲಿನಕ್ಸ್‌ನಲ್ಲಿ ಕೀಲಿ ಒತ್ತಿದರೆ ಕೊರಿಯನ್ ಅಕ್ಷರ ಜೋಡಿಸಿಕೊಡುವ ಸಾಫ್ಟ್‌ವೇರ್ ಎರಡು ಇವೆ. ಹಳೆಯದನ್ನು ಎಂಟು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನೊಬ್ಬಳೇ. ಸಂಬಳವಿಲ್ಲ, ಬೈಗುಳಕ್ಕೆ ಬರವಿಲ್ಲ. ಸಾಕಾಗಿದೆ. ಮುಂದಿನ ಆವೃತ್ತಿಗೆ ಹೊಸದೇ ಡಿಫಾಲ್ಟ್, ಅಂದರೆ ತಾನಾಗೇ ಬರುವಂಥದ್ದು, ಆಗಲಿ, ಹಳೆಯದನ್ನು ತೆಗೆಯೋಣ ಎಂದು ಬಳಕೆದಾರರೆಲ್ಲ ಇರುವ ಮೇಲಿಂಗ್ ಲಿಸ್ಟಿಗೆ ಬರೆದೆ. ಆಕ್ಷೇಪಣೆ ಇದ್ದವರು 24ರೊಳಗೆ ಬರೆದು ತಿಳಿಸಬೇಕು. ಬರೆಯದಿದ್ದರೆ ಒಪ್ಪಿಗೆ. ಪರೀಕ್ಷಾ ಆವೃತ್ತಿಯಲ್ಲಿ ಇವತ್ತೇ ಬದಲಿಸಿದೆ.

ಮಾರ್ಚ್ 4

ಗಿಬೊಮ್ ಫೋನು. ಲಿನಕ್ಸಿನ ಕೊರಿಯನ್ ತಂಡದಲ್ಲಿ ನನ್ನ ಜೊತೆ ಉಳಿದಿರುವ ಇನ್ನೊಬ್ಬ.

"ಮಿರಾಂಗ್ ಅಕ್ಕಾ, ಜೊಂಜು ಊರಿನ ಮೆಂಗ್ ಅಜ್ಜ ಬಿಡ್ತಾರಾ? ನೋಡ್ತಿರು, ನಾಲ್ಕು ಪುಟದ ಪತ್ರ ಬರುತ್ತೆ."

"ನಾಲ್ಕಾ? ಆರು!"

ಅಜ್ಜನನ್ನು ಕಂಡಿಲ್ಲ, ಪತ್ರಗಳಷ್ಟೇ ಗೊತ್ತು. ಐಕಾನಿನ ಬಣ್ಣಕ್ಕೂ ತಕರಾರು ತೆಗೆಯುವ ಆಸಾಮಿ.

ಮಾರ್ಚ್ 15

ಯಾರೂ ಬರೆದಿಲ್ಲ. ಅಜ್ಜನೂ ಇಲ್ಲ! "ಅವರೇ ಸುಮ್ಮನಿದ್ದಾರೆ ಅಂದ್ರೆ ಗೆದ್ದೆ ಬಿಡು," ಎಂದ ಗಿಬೊಮ್. ಎಷ್ಟೋ ತಿಂಗಳ ಮೇಲೆ ಖುಷಿ. ಭಾನುವಾರ ಬೆಟ್ಟ ಹತ್ತಬೇಕು.

ಮಾರ್ಚ್ 21, ಮಧ್ಯಾಹ್ನ

ಫೋನು. ಮೆಂಗ್ ಅಜ್ಜನ ಹೆಂಡತಿ. ಹಳೆಯ ಪತ್ರದಲ್ಲಿ ನನ್ನ ನಂಬರ್ ಸಿಕ್ಕಿತಂತೆ.

"ನೀನೇನಮ್ಮಾ ಆ ಕಂಪ್ಯೂಟರ್ ಹುಡುಗಿ? ನಮ್ಮ ಯಜಮಾನ್ರು ಟೈಪ್ ಮಾಡಕ್ಕಾಗ್ದೆ ಎರಡು ವಾರ ಆಯ್ತು. ಗೋಡೆ ನೋಡ್ಕೊಂಡು ಕೂತವ್ರೆ."

ಕೆಲವು ವರ್ಷದ ಹಿಂದೆಯೇ ಪಾರ್ಶ್ವವಾಯು. ಎಡಗೈ ಬಿದ್ದುಹೋಗಿದೆ. ಮಾತು ತೊದಲು, ಆಕೆಗೂ ಅರ್ಥವಾಗದು. ಬಲಗೈಗೂ ಪೆನ್ನು ಹಿಡಿಯುವಷ್ಟು ಕಸುವಿಲ್ಲ. ಅದರಲ್ಲಿ ಟೈಪ್ ಮಾಡಿ ತೋರಿಸುವುದೇ ಅವರ ಮಾತು... ಆ ಒಂಟಿಗೈ ಕೀಲಿ ಜೋಡಣೆ ಹಳೆಯದರಲ್ಲಿ ಮಾತ್ರ ಇದೆ. ಕಂಪ್ಯೂಟರು ಅಲ್ಲಿನ ಅಂಗವಿಕಲರ ಕೇಂದ್ರ ಮನೆಗೆ ಕೊಟ್ಟದ್ದು. ಡಿಫಾಲ್ಟ್ ಬಿಟ್ಟು ಬೇರೇನೂ ಹಾಕಗೊಡುವುದಿಲ್ಲ. ಪರೀಕ್ಷಾ ಆವೃತ್ತಿ ಹಾಕಿಕೊಳ್ಳಿ ಎಂದು ಹಿಂದೆ ಕೇಂದ್ರಕ್ಕೆ ಹೇಳಿದ್ದವಳೂ ನಾನೇ; ನನ್ನ ಬದಲಾವಣೆ ನೇರ ಅಲ್ಲಿಗೇ ಹೋಗಿದೆ.

ಬರೆದು ತಿಳಿಸಿ ಎಂದೆ. ಬರೆಯುವ ಕೈಯನ್ನೇ ಕಿತ್ತುಕೊಂಡು. ಛೀ.

ಮಾರ್ಚ್ 22

ಹೊಸದನ್ನು ಮಾಡುವವರನ್ನು ಕೇಳಿದೆ. ಒಂಟಿಗೈ ಜೋಡಣೆ ಸೇರಿಸಬಹುದಂತೆ — ಎರಡು ವರ್ಷದ ಮೇಲೆ, ಪುರುಸೊತ್ತಾದರೆ.

ಮಾರ್ಚ್ 23, ಜೊಂಜುವಿನಿಂದ ವಾಪಸ್ ಬರುವ ಬಸ್ಸಿನಲ್ಲಿ

ಅಕ್ಷರಗಳನ್ನು ದೊಡ್ಡದಾಗಿ ಬರೆದ ರಟ್ಟನ್ನು ಅಜ್ಜನ ಮನೆಗೆ ಒಯ್ದಿದ್ದೆ. ಅಜ್ಜ ಒಂದೊಂದೇ ಅಕ್ಷರ ತೋರಿಸಿದರು. ಒಂದು ವಾಕ್ಯಕ್ಕೆ ಐದು ನಿಮಿಷ.

"ಅಜ್ಜಾ, ನೀವು ಬೇಡ ಅಂದ್ರೆ ಪ್ರಸ್ತಾಪ ವಾಪಸ್ ತಗೋತೀನಿ. ಹಳೇದನ್ನ ನಾನೇ ನೋಡ್ಕೋತೀನಿ."

ಬೆರಳು ಓಡಾಡಿತು. *ಎಷ್ಟು ವರ್ಷ?*

ಹತ್ತು ಎನ್ನಬಹುದಿತ್ತು. ಸುಳ್ಳಾದರೂ ಹೇಳಬಹುದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಬೆರಳು ಮತ್ತೆ ರಟ್ಟಿಗೆ ಬಂತು.

*ಅಡ್ಡಿಯಿಲ್ಲ. ಹಾಗೇ ಬರ್ಕೋ.*

ನಾನು ಅದನ್ನು ಗಟ್ಟಿಯಾಗಿ ಓದಿದ್ದು ಕೇಳಿ ಅಜ್ಜಿ ಸೌಟು ಹಿಡಿದೇ ಓಡಿ ಬಂದರು. "ನಲವತ್ತು ವರ್ಷ ಸಾರಿಗೆ ಉಪ್ಪು ಜಾಸ್ತಿ, ಕಮ್ಮಿ ಅಂತ ಪ್ರಾಣ ತಿಂದೋರು ನೀವು! ಈಗ ಅಡ್ಡಿಯಿಲ್ವಾ? ಬೈರಿ ಇವಳನ್ನ, ಬೈರಿ!"

ಅಜ್ಜ ರಟ್ಟನ್ನು ಮಗುಚಿಟ್ಟರು.

ಮಾರ್ಚ್ 25, ಬೆಳಗ್ಗೆ

ಫಲಿತಾಂಶ ಪ್ರಕಟಿಸಬೇಕು. ಪ್ರಸ್ತಾಪ ಹಿಂತೆಗೆದಿದ್ದೇನೆ ಎಂದು ಮೂರು ಸಲ ಬರೆದು ಅಳಿಸಿದೆ. ಇನ್ನು ತೇಪೆ ಹಾಕಬೇಕಿಲ್ಲ ಎಂದು ಒಳಗೊಳಗೇ ಹಾಯೆನಿಸುತ್ತಿದೆ. ಅದಕ್ಕೇ ನನ್ನ ಮೇಲೆ ನನಗೆ ಹೇಸಿಗೆ. ಕೊನೆಗೆ ಹೀಗೆ ಬರೆದೆ:

ಎಲ್ಲರಿಗೂ ನಮಸ್ಕಾರ. ಗಡುವು ಮುಗಿದಿದೆ. ಜೊಂಜುವಿನ ಮೆಂಗ್ ಅವರೂ ಸೇರಿದಂತೆ ಯಾರಿಂದಲೂ ಆಕ್ಷೇಪಣೆ ಬಂದಿಲ್ಲ.