ಬೀಗವಿಲ್ಲದ ಊರಿನ ಕೀಲಿ

ತೇಲೂರು,
ಅಲೆಗಟ್ಟೆ ಕಟ್ಟಿದ ನೂರಹನ್ನೆರಡನೆಯ ವರ್ಷ, ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ

ಜೇಬಿನಲ್ಲಿ ಕೀಲಿಗೊಂಚಲು ಇಟ್ಟುಕೊಂಡು ಓಡಾಡುವ ಹಿರಿಯರಿಗೆ ಕೀಲಿಗಾರ ಬೊಮ್ಮಯ್ಯನ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ನಿಮ್ಮ ಕರಾವಳಿ ಮುಳುಗಿದ ಮೇಲೆ ಅದೇ ನೀರಿನ ಮೇಲೆ ತೇಲುವ ಊರು ಕಟ್ಟಿಕೊಂಡಿದ್ದೇವೆ, ಅದೇ ತೇಲೂರು. ಪಾಚಿಯ ಗಂಜಿ ಉಣ್ಣುತ್ತೇವೆ, ಉಪ್ಪಿನಕಾಯಿ ಮಾತ್ರ ನಿಮ್ಮದೇ. ಇಲ್ಲಿ ಬೀಗಗಳಿಲ್ಲ, ಅಂಗೈ ತೋರಿಸಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಆದರೂ ಪ್ರತಿ ಮನೆಯ ಹೊಸ್ತಿಲ ಪಕ್ಕದಲ್ಲಿ ಒಂದು ಕಬ್ಬಿಣದ ಕೀಲಿ ತೂಗುತ್ತಿರುತ್ತದೆ. ಯಾವ ಬೀಗಕ್ಕೂ ಸೇರದ ಆ ಕೀಲಿಗಳನ್ನು ಎರಕ ಹೊಯ್ಯುವುದೇ ನನ್ನ ಕೆಲಸ. ಯಾರಿಗಾದರೂ ಸೆಳೆತ ಬಂದರೆ, ಅಂದರೆ ನೀವು ಫಿಟ್ಸ್ ಎನ್ನುವುದು ಬಂದರೆ, ಅವರ ಕೈಗೆ ಕೀಲಿ ಕೊಡಬೇಕು. ಯಾಕೆಂದು ಕೇಳಿದವರಿಗೆ ನಮ್ಮಪ್ಪ, ಹಿರಿಯರು ಹಾಗೆ ಮಾಡುತ್ತಿದ್ದರು ಎನ್ನುತ್ತಿದ್ದ. ನಾನೂ ಅದನ್ನೇ ಹೇಳುತ್ತಾ ಹೊಟ್ಟೆ ಹೊರೆದುಕೊಂಡೆ. ಆ ಹಿರಿಯರು ನೀವೇ.

ಹೋದ ವಾರ ಮಧ್ಯಾಹ್ನ ಗಂಜಿ ಬಡಿಸುತ್ತಿದ್ದಾಗ ನನ್ನ ಒಂಬತ್ತು ವರ್ಷದ ಮಗಳು ಮಂದಾರೆ ಕೂತಲ್ಲಿಂದಲೇ ಉರುಳಿ ಬಿದ್ದಳು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು, ಕೈಕಾಲು ಸೆಟೆದು ಅದುರತೊಡಗಿದವು. ಕೀಲಿಗಾರನ ಮನೆಯಲ್ಲಿ ಕೀಲಿಗೇನು ಬರ? ಒಂದನ್ನು ಅವಳ ಮುಷ್ಟಿಗೆ ತುರುಕಿದೆ. ನಿಲ್ಲಲಿಲ್ಲ. ಇನ್ನೂ ದೊಡ್ಡದು ಕೊಟ್ಟೆ. ನಿಲ್ಲಲಿಲ್ಲ. ನೆರೆಯವರು ಬಂದು ಅವಳ ಕೈಕಾಲು ಅದುಮಿ ಹಿಡಿದರು. ನಾಲಿಗೆ ಕಚ್ಚಿಕೊಂಡಾಳು ಎಂದು ಆ ದೊಡ್ಡ ಕೀಲಿಯನ್ನು ನಾನೇ ಅವಳ ಹಲ್ಲುಗಳ ನಡುವೆ ಒತ್ತಿದೆ. ಒಂದು ಹಲ್ಲು ಮುರಿಯಿತು. ಅಂಗಾತ ಬಿದ್ದಿದ್ದ ಮಗುವಿನ ಗಂಟಲಲ್ಲಿ ರಕ್ತವೂ ನೊರೆಯೂ ಗೊರಗೊರ ಎನ್ನುತ್ತಿತ್ತು, ತುಟಿ ನೀಲಿಯಾಗುತ್ತಿತ್ತು. ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

ದೋಣಿ ನಡೆಸುವ ಹೊನ್ನಕ್ಕ ಒಳಗೆ ಬಂದವಳೇ, "ಕೀಲಿ ಬಿಸಾಕೊ ಮಾರಾಯ, ಮಗೀನ ಮಗ್ಗಲಿಗೆ ಹೊರಳ್ಸು" ಎಂದು ಗದರಿ, ನೆರೆಯವರ ಕೈ ಬಿಡಿಸಿ, ತಾನೇ ಹೊರಳಿಸಿದಳು. ರಕ್ತದ ಜೊತೆ ಹಲ್ಲಿನ ಚೂರು ಹೊರಗೆ ಬಿತ್ತು. ತಲೆಯ ಕೆಳಗೆ ಮಡಚಿದ ಬಟ್ಟೆ ಇಟ್ಟಳು, ಕುತ್ತಿಗೆಯ ಗುಂಡಿ ಬಿಚ್ಚಿದಳು. ವೈದ್ಯರನ್ನು ಕರೆಯುವ ಮುಂಗೈ ಪಟ್ಟಿ ನಮಗೆಲ್ಲ ಇದೆ, ಕಾವಲುಪಟ್ಟಿ ಎನ್ನುತ್ತೇವೆ. ಅದನ್ನು ಒತ್ತಬೇಕೆಂಬ ನೆನಪು ಬಂದದ್ದು ಅವಳೊಬ್ಬಳಿಗೇ. ಆಮೇಲೆ ಗಡಿಯಾರ ನೋಡುತ್ತಾ ಕೂತಳು. ಅವಳ ಮಗನಿಗೂ ಇದೇ ಕಾಯಿಲೆ. ಮನೆಯಲ್ಲಿ ಕೀಲಿ ತೂಗುಹಾಕಲು ಒಪ್ಪಲಿಲ್ಲವೆಂದು ಊರವರು ಅವಳ ಮೆಟ್ಟಿಲು ತುಳಿಯುತ್ತಿರಲಿಲ್ಲ, ನಾನೂ ಸೇರಿ. ನಾಲ್ಕನೆಯ ನಿಮಿಷಕ್ಕೆ ಅದುರುವುದು ನಿಂತು ಮಗು ಉಸಿರೆಳೆದುಕೊಂಡಿತು. ಬಹುಪಾಲು ಸೆಳೆತ ತಾನಾಗಿಯೇ ನಿಲ್ಲುತ್ತದಂತೆ, ಕೀಲಿ ಇದ್ದರೂ ಇಲ್ಲದಿದ್ದರೂ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದದ್ದನ್ನು ನಂಬಿ ನಾನು ಕುಲುಮೆ ಉರಿಸುತ್ತಾ ಬಂದೆ.

ಆದ್ದರಿಂದ ಬೇಡಿಕೊಳ್ಳುತ್ತೇನೆ, ಇದನ್ನು ನಿಮ್ಮ ಕಾಲದಲ್ಲೇ ನಿಲ್ಲಿಸಿ. ಬಿದ್ದವರ ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಗೆ ಮೆತ್ತನೆಯದೇನಾದರೂ ಕೊಟ್ಟು, ಮಗ್ಗುಲಾಗಿ ಮಲಗಿಸಿ. ಅದುಮಿ ಹಿಡಿಯಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ, ಪೂರ್ತಿ ಎಚ್ಚರವಾಗುವ ತನಕ ನೀರನ್ನೂ ಕೊಡಬೇಡಿ. ಐದು ನಿಮಿಷ ದಾಟಿದರೆ, ನಿಂತದ್ದು ಮತ್ತೆ ಬಂದರೆ, ಇಲ್ಲವೇ ಅದೇ ಮೊದಲ ಸಲವಾದರೆ ಆಂಬುಲೆನ್ಸ್ ಕರೆಸಿ. ಜೊತೆಗೆ ಕೂತಿರಿ. ಎಚ್ಚರವಾದಾಗ ಮಂದಾರೆ ಮೊದಲು ಹುಡುಕಿದ್ದು ಒಂದು ಮುಖವನ್ನು.

ಮಾತ್ರೆ ಶುರುವಾಗಿದೆ, ಆದರೂ ಸೆಳೆತ ಮರಳಬಹುದು ಎಂದು ವೈದ್ಯರು ಹೇಳಿದ್ದಾರೆ. ನಾಳೆ ಅವಳು ಶಾಲೆಗೆ ಹೋಗುತ್ತಾಳೆ. ಅಲ್ಲಿನ ಪ್ರತಿ ಕೋಣೆಯಲ್ಲೂ ನನ್ನ ಎರಕದ ಕೀಲಿ ತೂಗುತ್ತಿದೆ. ತೆಗೆದುಬಿಡಿ ಎಂದು ಶಾಲೆಯವರನ್ನು ಬೇಡಿದೆ; ಕೀಲಿಗಾರನಿಗೆ ತಲೆ ಕೆಟ್ಟಿದೆ ಎಂದರು. ನಮ್ಮವರು ನನ್ನ ಮಾತು ಕೇಳುವುದಿಲ್ಲ, ಹಿರಿಯರು ಮಾಡಿದ್ದನ್ನು ಮಾತ್ರ ಮಾಡುತ್ತಾರೆ. ಅದಕ್ಕೇ ನಿಮಗೆ ಬರೆದೆ.

ಪತ್ರದ ಜೊತೆ ಆ ದೊಡ್ಡ ಕೀಲಿಯನ್ನೂ ಇಟ್ಟಿದ್ದೇನೆ. ಅದು ನಿಮ್ಮದು, ವಾಪಸು ತೆಗೆದುಕೊಳ್ಳಿ. ಬೇಕೆಂದೇ ತೊಳೆದಿಲ್ಲ.

ಬೊಮ್ಮಯ್ಯ